ದಂಡೆ ಎಳೆಯುತ್ತದೆ: ಇಕ್ಕಟ್ಟಿನ ಕಾಲುವೆಯಲ್ಲಿ ದೊಡ್ಡ ಹಡಗು

(ವಿಜಯಪುರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಎದುರು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಒಂದೆರಡು ಅಂಕಿಗಳನ್ನು ಸೇರಿಸಿದ್ದೇನೆ. ಉಳಿದದ್ದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಯ ಮೇಲಿನ ಒಂದು ಹಳ್ಳಿಯಲ್ಲಿ. ನಮ್ಮ ಮನೆ ಇದ್ದ ಜಾಗ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಅಲ್ಲಿಂದ ಹೊರಟು ಸರಕು ಹಡಗು ಸೇರಿದೆ, ಬ್ರಿಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಬದುಕಿನ ಬಹುಪಾಲು ಕಳೆದೆ. ಊರಿಗೆ ರಜೆಗೆ ಬಂದಾಗಲೆಲ್ಲ ಜನ ಕೇಳುತ್ತಿದ್ದದ್ದು ಬಿರುಗಾಳಿಯ ಬಗ್ಗೆ: "ನಡು ಸಮುದ್ರದಾಗ ಅಂಜಿಕಿ ಬರಂಗಿಲ್ಲೇನ?" ನಿಜ ಹೇಳಬೇಕೆಂದರೆ, ಆಳದ ನೀರಿನಲ್ಲಿ ನನಗೆ ಹೆದರಿಕೆಯಾದದ್ದು ಕಡಿಮೆ. ಅಂಗೈ ಬೆವರಿದ್ದು ಕಾಲುವೆಗಳಲ್ಲಿ. ಎರಡೂ ಕಡೆ ದಂಡೆ ಕಾಣುತ್ತದೆ, ನೀರು ಅಲುಗದೆ ನಿಂತಿದೆ, ದಂಡೆಯ ಮೇಲೆ ಸೈಕಲ್ಲಿನವನು ಕೈ ಬೀಸಿ ಹೋಗುತ್ತಾನೆ. ಅಂಥ ಕಡೆಯೇ ಹಡಗು ಮಾತು ಕೇಳುವುದನ್ನು ಬಿಡುತ್ತದೆ. ಇವತ್ತು ನಾನು ಹೇಳಲು ಬಂದದ್ದು ಅದು ಯಾಕೆ ಅನ್ನುವುದನ್ನು.

ಕಾಲುವೆ ಅಂದರೆ ನಮ್ಮ ಜಿಲ್ಲೆಯವರ ಕಣ್ಣಿಗೆ ಬರುವುದು ಮುಳವಾಡ ಏತ ನೀರಾವರಿಯ ಕಾಲುವೆ. ಅಲ್ಲಿ ನೀರು ಹರಿಯುತ್ತದೆ, ನಾವು ದಂಡೆಯ ಮೇಲೆ ನಿಂತು ನೋಡುತ್ತೇವೆ. ಈಜಿಪ್ಟಿನ ಸೂಯೆಜ್ ಕಾಲುವೆಯಲ್ಲಿ ಇದು ತಿರುಗುಮುರುಗು: ನೀರು ಹೆಚ್ಚುಕಡಿಮೆ ನಿಂತಿರುತ್ತದೆ, ಹಡಗುಗಳು ಹರಿಯುತ್ತವೆ. ಮೆಡಿಟರೇನಿಯನ್ ಕಡೆಯ ಪೋರ್ಟ್ ಸೈದ್‌ನಿಂದ ಕೆಂಪು ಸಮುದ್ರದ ಕಡೆಯ ಸೂಯೆಜ್ ಪಟ್ಟಣದವರೆಗೆ 193 ಕಿಲೋಮೀಟರ್. ಹೆಚ್ಚುಕಡಿಮೆ ಇಲ್ಲಿಂದ ಹುಬ್ಬಳ್ಳಿಗೆ ಹೋದಷ್ಟು. ನಡುವೆ ಬಾಗಿಲು, ಗೇಟು ಯಾವುದೂ ಇಲ್ಲ, ಎರಡು ಸಮುದ್ರದ ನೀರು ನೇರ ಕೂಡುತ್ತದೆ. ದಾಟಲು 11ರಿಂದ 16 ಗಂಟೆ ಬೇಕು.

1869ರ ನವೆಂಬರ್ 17ರಂದು ಅದು ತೆರೆದಾಗ ಆಳ 8 ಮೀಟರ್, ತಳದ ಅಗಲ 22 ಮೀಟರ್ ಇತ್ತು. ತೋಡಿದವರಲ್ಲಿ ಬಹಳ ಮಂದಿ ಈಜಿಪ್ಟಿನ ರೈತರು, ಬಿಟ್ಟಿ ದುಡಿಮೆಗೆ ಎಳೆದು ತಂದವರು. ಆ ಮರಳಿನಲ್ಲಿ ಸತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಂತರ ಕಾಲುವೆಯನ್ನು ಮತ್ತೆ ಮತ್ತೆ ಹಿಗ್ಗಿಸಿದರು, ಇವತ್ತು ಆಳ 24 ಮೀಟರ್. 2015ರಲ್ಲಿ ನಡುಭಾಗದಲ್ಲಿ 35 ಕಿಲೋಮೀಟರ್ ಉದ್ದದ ಎರಡನೆಯ ದಾರಿಯನ್ನೇ ತೋಡಿದರು. ಆದರೆ ಹಡಗು ಅದಕ್ಕಿಂತ ಬೇಗ ಬೆಳೆಯಿತು. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಐಡಿಯಲ್ ಎಕ್ಸ್ ಎಂಬ ಹಡಗು ಮೊದಲ ಸಲ ಕಂಟೇನರ್ ಹೊತ್ತು ಹೊರಟಾಗ ಅದರ ಮೇಲಿದ್ದದ್ದು 58 ಪೆಟ್ಟಿಗೆ. 2021ರಲ್ಲಿ ಸುದ್ದಿಯಾದ ಎವರ್ ಗಿವನ್ 20,000ಕ್ಕೂ ಹೆಚ್ಚು ಪೆಟ್ಟಿಗೆ ಹೊರುವ ಹಡಗು.

ಅಂಕಿ ಹೇಳಿದರೆ ಗಾತ್ರ ಕಣ್ಣಿಗೆ ಬರುವುದಿಲ್ಲ. ನಮ್ಮ ಗೋಳಗುಮ್ಮಟ ಹೊರಗಿನಿಂದ ಒಂದು ಬದಿಗೆ ಸುಮಾರು 47 ಮೀಟರ್ ಚಿಲ್ಲರೆ. ಅಂಥ ಎಂಟು ಗೋಳಗುಮ್ಮಟಗಳನ್ನು ಗೋಡೆಗೆ ಗೋಡೆ ಹಚ್ಚಿ ಸಾಲಾಗಿ ನಿಲ್ಲಿಸಿ. ಆಗಲೂ ಎವರ್ ಗಿವನ್‌ನ ಉದ್ದ ಇನ್ನೂ ಸ್ವಲ್ಪ ಮಿಗುತ್ತದೆ: 400 ಮೀಟರ್. ಅದರ ಅಗಲ 58.8 ಮೀಟರ್, ಗುಮ್ಮಟಕ್ಕಿಂತ 11 ಮೀಟರ್ ಹೆಚ್ಚು. ಇದನ್ನು ಆಳದ ನೀರು ಸುಮಾರು 200 ಮೀಟರ್ ಅಗಲ ಇರುವ ಕಾಲುವೆಯಲ್ಲಿ ನಡೆಸಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಡಗು ಮುಂದೆ ಹೋಗಬೇಕಾದರೆ ಮುಂದಿರುವ ನೀರು ಪಕ್ಕಕ್ಕೆ ಸರಿದು ಹಿಂದಕ್ಕೆ ಹೋಗಬೇಕು. ಸಮುದ್ರದಲ್ಲಿ ಅದಕ್ಕೆ ಬೇಕಾದಷ್ಟು ಜಾಗ. ಕಾಲುವೆಯಲ್ಲಿ ಹಡಗಿನ ಹೊಟ್ಟೆಗೂ ದಂಡೆಗೂ ನಡುವಿನ ಸಂದು, ಹೊಟ್ಟೆಗೂ ತಳಕ್ಕೂ ನಡುವಿನ ಸಂದು, ಇಷ್ಟೇ ದಾರಿ. ನಾನೊಂದು ಲೆಕ್ಕ ಮಾಡಿದ್ದೇನೆ, ನೀವೂ ಮಾಡಿ ನೋಡಿ. 58.8 ಮೀಟರ್ ಅಗಲ, ನೀರಿನೊಳಗೆ 15 ಮೀಟರ್ ಚಿಲ್ಲರೆ ಇಳಿದ ಹಡಗು. ಅಡ್ಡಕ್ಕೆ ಕೊಯ್ದರೆ ಸುಮಾರು 900 ಚದರ ಮೀಟರ್. ಅದು 13 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 24 ಕಿಲೋಮೀಟರ್‌ನಲ್ಲಿ ಹೋದರೆ ಪ್ರತಿ ಸೆಕೆಂಡಿಗೆ 6,000 ಘನ ಮೀಟರ್ ನೀರನ್ನು ಸರಿಸಬೇಕು. ನಮ್ಮ ಭಾಷೆಯಲ್ಲಿ ಹೇಳಿದರೆ 2 ಲಕ್ಷ ಕ್ಯೂಸೆಕ್ ಮೀರಿತು.

ಆಲಮಟ್ಟಿಯಿಂದ 2 ಲಕ್ಷ ಕ್ಯೂಸೆಕ್ ಬಿಟ್ಟರು ಅಂದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಹೊಳಿ ಹೆಂಗ ಬಂತು ಅಂತ ನೋಡಿದ ಜನ ಇಲ್ಲಿದ್ದೀರಿ. ಹೊರಗಿನಿಂದ ನೋಡಿದರೆ ಹಡಗು ನಿಧಾನಕ್ಕೆ ತೇಲುತ್ತಿದೆ ಅನ್ನಿಸುತ್ತದೆ. ಅದರ ಹೊಟ್ಟೆಯ ಎರಡೂ ಬದಿಗೆ ಒಂದು ಪ್ರವಾಹವೇ ಹಿಂದಕ್ಕೆ ಓಡುತ್ತಿರುತ್ತದೆ.

ನೀರು ಜೋರಾಗಿ ಓಡಿದ ಕಡೆ ಒತ್ತಡ ಇಳಿಯುತ್ತದೆ. ಪಿಯುಸಿಯಲ್ಲಿ ಬರ್ನೌಲಿಯ ತತ್ವ ಅಂತ ಓದಿದ್ದೀರಿ. ಸೊಲ್ಲಾಪುರ ರಸ್ತೆಯಲ್ಲಿ ಬೈಕ್ ಮೇಲೆ ಹೋಗುವಾಗ ದೊಡ್ಡ ಲಾರಿ ಪಕ್ಕದಲ್ಲೇ ಹಾದರೆ ಬೈಕನ್ನು ಯಾರೋ ಆ ಕಡೆ ಎಳೆದಂತೆ ಆಗುತ್ತದಲ್ಲ, ಹಾಗೆ. ಹಡಗು ನಟ್ಟನಡುವೆ ಇದ್ದಷ್ಟು ಹೊತ್ತು ಎರಡೂ ಬದಿಯ ಎಳೆತ ಸರಿಸಮ. ಗಾಳಿ ತಳ್ಳಿತು ಅನ್ನಿ, ಹಡಗು ಒಂದು ದಂಡೆಯ ಕಡೆ ಸರಿಯಿತು ಅನ್ನಿ. ಆ ಕಡೆಯ ಸಂದು ಕಿರಿದಾಯಿತು, ನೀರಿನ ಓಟ ಹೆಚ್ಚಾಯಿತು, ಒತ್ತಡ ಇನ್ನೂ ಇಳಿಯಿತು. ದಂಡೆ ಹಡಗಿನ ಬಾಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಮೂಗಿನ ಮುಂದೆ ಮಾತ್ರ ನೀರು ಗುಡ್ಡೆಯಾಗಿ ಅದನ್ನು ದಂಡೆಯಿಂದ ಆಚೆ ನೂಕುತ್ತದೆ. ಬಾಲ ಈ ದಂಡೆಗೆ, ಮೂಗು ಎದುರು ದಂಡೆಗೆ. ಹಡಗು ಅಡ್ಡ ತಿರುಗುತ್ತದೆ. ಬ್ರಿಜ್ ಮೇಲೆ ನಿಂತವನಿಗೆ ಮೂಗು ಓಡುವುದು ಕಾಣುತ್ತದೆ. ಹಿಂದೆ, ನೂರಾರು ಮೀಟರ್ ದೂರದಲ್ಲಿ ಬಾಲ ಸಿಕ್ಕಿಬಿದ್ದದ್ದು ಕಾಣುವುದಿಲ್ಲ.

ತಳದ ಕಡೆಯೂ ಇದೇ ಕಥೆ. ಹೊಟ್ಟೆಯ ಕೆಳಗೆ ನೀರು ಓಡಿದಷ್ಟೂ ಹಡಗು ಕುಸಿದು ಕೂರುತ್ತದೆ. ಇದನ್ನು ನಾವು ಸ್ಕ್ವಾಟ್ ಅನ್ನುತ್ತೇವೆ. ವೇಗ ಎರಡು ಪಟ್ಟಾದರೆ ಕುಸಿತ ನಾಲ್ಕು ಪಟ್ಟು. ತಳ ಹತ್ತಿರ ಬಂದಷ್ಟೂ ಚುಕ್ಕಾಣಿ ಮಂದವಾಗುತ್ತದೆ.

ಹಾಗಾದರೆ ನಿಧಾನ ಹೋಗಬಾರದೇ? ಇಲ್ಲೇ ತಿಕ್ಕಾಟ ಇರುವುದು. ಚುಕ್ಕಾಣಿ ಕೆಲಸ ಮಾಡುವುದು ಅದರ ಮೇಲೆ ನೀರು ಹರಿದಾಗ. ತೀರ ನಿಧಾನವಾದರೆ ಹಡಗು ಒಣಗಿದ ಎಲೆಯಂತೆ, ಗಾಳಿ ಹೇಳಿದ ಕಡೆ ಹೋಗುತ್ತದೆ. ಪೆಟ್ಟಿಗೆಗಳನ್ನು ಒಂಬತ್ತು ಹತ್ತು ಅಂತಸ್ತು ಪೇರಿಸಿದ ಹಡಗಿನ ಬದಿ ಒಂದು ದೊಡ್ಡ ಹಾಯಿ. ನೀರಿನ ಮೇಲಿನ ಭಾಗವನ್ನೇ ಲೆಕ್ಕ ಹಾಕಿದರೆ ನಾಲ್ಕು ಎಕರೆಯ ಆಸುಪಾಸು. ನಾಲ್ಕು ಎಕರೆ ಹೊಲವನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ಮರುಭೂಮಿಯ ಗಾಳಿ ಬಡಿಯಲು ಬಿಟ್ಟ ಹಾಗೆ. ಗಾಳಿಗೆ ಎದುರಾಗಿ ಹಿಡಿತ ಬೇಕೆಂದರೆ ವೇಗ ಬೇಕು, ವೇಗ ಹೆಚ್ಚಿಸಿದರೆ ದಂಡೆ ಎಳೆಯುತ್ತದೆ.

ನಾನು ಕಿರಿಯ ಅಧಿಕಾರಿಯಾಗಿದ್ದಾಗ ಒಂದು ಅದಿರಿನ ಹಡಗಿನಲ್ಲಿ ಇದು ನನ್ನ ಕಣ್ಣೆದುರೇ ಆಯಿತು. ಹಡಗು 225 ಮೀಟರಿನದು, ಇವತ್ತಿನ ಲೆಕ್ಕದಲ್ಲಿ ಸಣ್ಣದು. ಬೆಳಗಿನ ಜಾವ ಕಾನ್ವಾಯ್‌ನಲ್ಲಿ ಹೊರಟಿದ್ದೆವು. ಸೂಯೆಜ್‌ನಲ್ಲಿ ಹಡಗುಗಳು ಒಂದರ ಹಿಂದೆ ಒಂದು ಸಾಲಾಗಿಯೇ ಹೋಗಬೇಕು, ರಾತ್ರಿ ದಾಟುವವರು ಮೂಗಿನ ಮೇಲೆ ದೊಡ್ಡ ಸರ್ಚ್‌ಲೈಟ್ ಹಚ್ಚಬೇಕು. ಚಕ್ರ ಹಿಡಿದವನು ರತ್ನಾಗಿರಿ ಕಡೆಯ ನಾವಿಕ, ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ಪೈಲಟ್, ಅಂದರೆ ಕಾಲುವೆಯಲ್ಲಿ ದಾರಿ ತೋರಿಸಲು ಹಡಗು ಏರುವವನು, "ಪೋರ್ಟ್ ಟೆನ್" ಅಂದ, ಹುಡುಗ ಹತ್ತು ಡಿಗ್ರಿ ಎಡಕ್ಕೆ ತಿರುಗಿಸಿ ಅದನ್ನೇ ತಿರುಗಿ ಹೇಳಿದ. ಹಡಗು ಬಲಕ್ಕೆ ಹೊರಟಿತು. "ಪೋರ್ಟ್ ಟ್ವೆಂಟಿ." ಆಗಲೂ ಬಲಕ್ಕೇ. ಹುಡುಗ ಒಮ್ಮೆ ನನ್ನ ಮುಖ ನೋಡಿದ. ನಾನು ಚುಕ್ಕಾಣಿಯ ಸೂಚಕ ನೋಡಿದೆ, ಅವನು ಹೇಳಿದ್ದನ್ನೇ ಮಾಡಿದ್ದ. ಪೈಲಟ್ ಚುಕ್ಕಾಣಿಯನ್ನು ಪೂರ್ತಿ ಎಡಕ್ಕೆ ಹಾಕಿಸಿ ಎಂಜಿನ್ನಿಗೆ ಒಂದು ಜೋರು ಒದೆತ ಕೊಡಿಸಿದ, ಚುಕ್ಕಾಣಿಯ ಮೇಲೆ ನೀರು ಬಡಿಯಲಿ ಅಂತ. ಮೂಗು ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂತು. ಇಡೀ ಘಟನೆ ಅರ್ಧ ನಿಮಿಷ ಇರಬಹುದು. ದಂಡೆಯ ಮರಳಿನಲ್ಲಿ ಬಿದ್ದಿದ್ದ ಒಂದು ಹರಿದ ಚಪ್ಪಲಿ ನನಗೆ ಸ್ಪಷ್ಟ ಕಂಡಿತ್ತು. ಅಷ್ಟು ಹತ್ತಿರ.

ಅದೇ ಹಡಗು ಎರಡು ಪಟ್ಟು ಉದ್ದ ಇದ್ದಿದ್ದರೆ ಆ ಅರ್ಧ ನಿಮಿಷ ಸಾಲುತ್ತಿರಲಿಲ್ಲ ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಎವರ್ ಗಿವನ್‌ಗೆ ಸಾಲಲಿಲ್ಲ. 2021ರ ಮಾರ್ಚ್ 23, ಬೆಳಗ್ಗೆ 7 ಗಂಟೆ 40 ನಿಮಿಷದ ಸುಮಾರಿಗೆ. ಮಲೇಷ್ಯಾದಿಂದ ರಾಟರ್‌ಡ್ಯಾಮ್‌ಗೆ ಹೊರಟಿದ್ದ ಹಡಗು, ಉತ್ತರಕ್ಕೆ ಹೋಗುವ ಸಾಲಿನಲ್ಲಿ ಐದನೆಯದು. ಮರಳುಗಾಳಿ 40 ನಾಟ್‌ವರೆಗೆ ಬೀಸುತ್ತಿತ್ತು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 14ರಿಂದ 16 ಕಿಲೋಮೀಟರ್. ಹಡಗು 24 ಕಿಲೋಮೀಟರ್ ಮುಟ್ಟಿತ್ತು. ಎರಡನೆಯ ದಾರಿ ಇಲ್ಲದ ದಕ್ಷಿಣದ ತುಂಡಿನಲ್ಲಿ ಮೂಗು ಪೂರ್ವ ದಂಡೆಗೆ ನುಗ್ಗಿತು, ಬಾಲ ಪಶ್ಚಿಮ ದಂಡೆಗೆ ಸಿಕ್ಕಿತು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಳ್ಳಿ ರಸ್ತೆಯಲ್ಲಿ ಅಡ್ಡ ನಿಂತರೆ ಹಿಂದೆ ಮುಂದೆ ಎಷ್ಟು ಗಾಡಿ ನಿಲ್ಲುತ್ತವೆ ನೋಡಿದ್ದೀರಿ. ಜಗತ್ತಿನ ವ್ಯಾಪಾರದ ನೂರರಲ್ಲಿ ಸುಮಾರು 12 ಪಾಲು ಹಾಯುತ್ತಿದ್ದ ದಾರಿ ಅದು. ಆರು ದಿನದಲ್ಲಿ 400 ಹಡಗುಗಳ ಆಸುಪಾಸು ಸಾಲುಗಟ್ಟಿದವು.

ಅದು ನಮ್ಮ ಕಡೆ ದ್ರಾಕ್ಷಿ ಕೊಯ್ಲಿನ ಕಾಲ. ಯುರೋಪಿಗೆ ಹಡಗಿನಲ್ಲಿ ಹೋಗುವ ನಮ್ಮ ದೇಶದ ದ್ರಾಕ್ಷಿ ಸಾಮಾನ್ಯವಾಗಿ ಇದೇ ಕಾಲುವೆಯಿಂದ ಹೋಗುತ್ತಿತ್ತು. ಬೆಳಗಾವಿಯ ಫೌಂಡ್ರಿಗಳಿಂದ ಯುರೋಪಿಗೆ ಹೋಗುವ ಎರಕದ ಸಾಮಾನಿಗೂ ಅದೇ ದಾರಿ. ಎರಕದ ಕಬ್ಬಿಣ ಕೆಡುವುದಿಲ್ಲ, ಕಾಯುತ್ತದೆ. ದ್ರಾಕ್ಷಿ ಕಾಯುವುದಿಲ್ಲ. ತಿಕೋಟಾದ ಕಡೆಯವರು ಇಲ್ಲಿದ್ದೀರಿ, ಈ ಮಾತಿನ ತೂಕ ನಿಮಗೆ ಗೊತ್ತು.

ಬಿಡಿಸಿದ್ದು ಹೇಗೆ? ಆ ದೈತ್ಯ ಮೂಗಿನ ಬುಡದಲ್ಲಿ ಒಂಟಿ ಜೆಸಿಬಿಯಂಥ ಯಂತ್ರ ಮಣ್ಣು ಕೆರೆಯುತ್ತಿದ್ದ ಚಿತ್ರ ಎಲ್ಲರ ಮೊಬೈಲಿಗೂ ಬಂದಿತ್ತು, ಬಹಳ ಜನ ನಕ್ಕರು. ಆ ಯಂತ್ರದ ಚಾಲಕನ ಬಗ್ಗೆ ನನಗೆ ಗೌರವವಿದೆ. ತಲೆಯ ಮೇಲೆ 2 ಲಕ್ಷ ಟನ್ ಭಾರ ಯಾವಾಗ ಯಾವ ಕಡೆ ವಾಲುತ್ತದೋ ತಿಳಿಯದ ಕಡೆ ಅವನು ಕೆಲಸ ಮಾಡಿದ. ಮಶ್‌ಹೂರ್ ಎಂಬ, ನೀರಿನ ತಳದ ಮರಳು ತೆಗೆಯುವ ಡ್ರೆಜರ್ ಹಡಗು ಮತ್ತು ಇಂಥ ಯಂತ್ರಗಳು ಸೇರಿ ಸುಮಾರು 30,000 ಘನ ಮೀಟರ್ ಮರಳು ತೆಗೆದವು. ದೊಡ್ಡ ಹಡಗುಗಳನ್ನು ಎಳೆಯಲೆಂದೇ ಇರುವ ಹತ್ತಕ್ಕೂ ಹೆಚ್ಚು ಟಗ್‌ಗಳು ಎಳೆದವು, ನೂಕಿದವು. ಆದರೂ ಕೊನೆಯ ಸಹಾಯ ಬಂದದ್ದು ಮೇಲಿನಿಂದ. ಮಾರ್ಚ್ 28 ಹುಣ್ಣಿಮೆ. ಕೆಂಪು ಸಮುದ್ರದ ಕಡೆಯಿಂದ ಉಬ್ಬರ ಏರಿತು, 29ರಂದು ಹಡಗು ತೇಲಿತು. ಆ ವರ್ಷ ಅದು ಹೋಳಿ ಹುಣ್ಣಿಮೆ. ಈ ಕೆಲಸದ ವೇಳೆ ಒಂದು ದೋಣಿ ಮಗುಚಿ ಕಾಲುವೆಯ ಕೆಲಸಗಾರನೊಬ್ಬ ತೀರಿಕೊಂಡ. ಹಡಗಿನ ಚಿತ್ರ ನೋಡಿದ ಕೋಟ್ಯಂತರ ಜನರಲ್ಲಿ ಇದು ಎಷ್ಟು ಮಂದಿಗೆ ಗೊತ್ತು?

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. ಆ ಹಡಗಿನ ಮಾಲೀಕರು ಜಪಾನಿನವರು, ಬಾಡಿಗೆಗೆ ನಡೆಸಿದ್ದು ತೈವಾನಿನ ಕಂಪನಿ, ಬಾವುಟ ಪನಾಮಾದ್ದು, ಸಿಬ್ಬಂದಿ ನೋಡಿಕೊಂಡದ್ದು ಜರ್ಮನ್ ಮೂಲದ ಸಂಸ್ಥೆ. ಹಡಗಿನ ಮೇಲಿದ್ದ 25 ಮಂದಿ ಮಾತ್ರ ಅಷ್ಟೂ ಜನ ಭಾರತೀಯರು. ಕಾಲುವೆಯ ಪ್ರಾಧಿಕಾರ ಮೊದಲು 91.6 ಕೋಟಿ ಡಾಲರ್ ಪರಿಹಾರ ಕೇಳಿತು, ಆಮೇಲೆ 55 ಕೋಟಿಗೆ ಇಳಿಸಿತು. ಮಾತುಕತೆ ಮುಗಿಯುವವರೆಗೆ ಇಸ್ಮಾಯಿಲಿಯಾದ ನ್ಯಾಯಾಲಯದ ಆದೇಶದಂತೆ ಹಡಗನ್ನು ಗ್ರೇಟ್ ಬಿಟರ್ ಸರೋವರದಲ್ಲಿ ಹಿಡಿದಿಟ್ಟರು. ಹಡಗು ನಿಂತರೆ ಅದನ್ನು ಕಾಯಲು ಜನ ಬೇಕು. ಕೆಲವರಿಗೆ ಮನೆಗೆ ಹೋಗಲು ಅವಕಾಶ ಸಿಕ್ಕಿತು, ಉಳಿದವರು ಅಲ್ಲೇ. ಏಪ್ರಿಲ್, ಮೇ, ಜೂನ್. ಊರಲ್ಲಿ ಕೊರೊನಾದ ಎರಡನೆಯ ಅಲೆ. ಅಪ್ಪ ಅಮ್ಮ ಆಸ್ಪತ್ರೆಯಲ್ಲಿದ್ದರೂ ಹೋಗಲಾಗದೆ ಹಡಗಿನಲ್ಲಿ ಕೂರುವುದು ಎಂದರೇನು ಎಂದು ನನ್ನ ಕಸುಬಿನವರಿಗೆ ಗೊತ್ತು.

ತಪ್ಪು ಯಾರದು ಎಂಬ ವಾದದಲ್ಲಿ ಗಾಳಿಯ ಹೆಸರು ಬಂತು, ವೇಗದ ಹೆಸರು ಬಂತು, ಆದೇಶ ಕೊಟ್ಟವರ ಹೆಸರು ಬಂತು. ಸೂಯೆಜ್‌ನಲ್ಲಿ ಪೈಲಟ್ ಸಲಹೆಗಾರ ಮಾತ್ರ, ಏನಾದರೂ ಆದರೆ ಹೊಣೆ ಕ್ಯಾಪ್ಟನ್‌ನದು. ಪನಾಮಾದಲ್ಲಿ ಹಾಗಲ್ಲ, ಕಾಲುವೆಯೊಳಗೆ ಹಡಗಿನ ನಡಿಗೆ ಪೈಲಟ್‌ನ ಕೈಗೇ ಹೋಗುತ್ತದೆ. ಪೈಲಟ್‌ಗಳನ್ನು ನಾನು ಹಗುರಾಗಿ ಕಾಣುವವನಲ್ಲ. 1956ರ ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದಾಗ ವಿದೇಶಿ ಪೈಲಟ್‌ಗಳು ಸೆಪ್ಟೆಂಬರಿನಲ್ಲಿ ಒಟ್ಟಾಗಿ ಕೆಲಸ ಬಿಟ್ಟು ಹೋದರು. ಈಜಿಪ್ಟಿನವರಿಂದ ಇದು ಆಗದು, ಕಾಲುವೆ ನಿಂತುಹೋಗುತ್ತದೆ ಎಂದು ಲಂಡನ್, ಪ್ಯಾರಿಸ್‌ನಲ್ಲಿ ಲೆಕ್ಕ ಹಾಕಿದ್ದರು. ಈಜಿಪ್ಟಿನ ಪೈಲಟ್‌ಗಳು, ಜೊತೆಗೆ ಉಳಿದ ಗ್ರೀಕರು, ಹಗಲಿರುಳು ದುಡಿದು ಹಡಗುಗಳನ್ನು ದಾಟಿಸಿದರು. ಆಮೇಲೆ ಕಾಲುವೆ ಮುಚ್ಚಿದ್ದು ಯುದ್ಧದಿಂದ, ಅವರ ಕೈಲಾಗದ್ದರಿಂದಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಒಂದು ಪೆಟ್ಟಿಗೆ ಸಾಗಿಸುವ ಎಣ್ಣೆಯ ಖರ್ಚು ಇಳಿಯಲಿ ಎಂದು ಹಡಗನ್ನು 400 ಮೀಟರಿಗೆ ಬೆಳೆಸಿದವರು ಆ ಬೆಳಗ್ಗೆ ಬ್ರಿಜ್ ಮೇಲೆ ಇರಲಿಲ್ಲ. ಹಡಗು ಉದ್ದವಾದಷ್ಟೂ, ಅಗಲವಾದಷ್ಟೂ ದಂಡೆ ಎಳೆಯುವುದು ಹೆಚ್ಚುತ್ತದೆ, ಸರಿಪಡಿಸಿಕೊಳ್ಳುವ ಸೆಕೆಂಡುಗಳು ಕಡಿಮೆಯಾಗುತ್ತವೆ. ಆ ಸೆಕೆಂಡುಗಳನ್ನು ಕಿತ್ತುಕೊಂಡದ್ದು ಒಂದು ಕಚೇರಿಯ ಲೆಕ್ಕ, ಉತ್ತರ ಹೇಳಬೇಕಾದದ್ದು ಚಕ್ರ ಹಿಡಿದವರು. ಅಪಘಾತದ ನಂತರ ಕಾಲುವೆಯ ದಕ್ಷಿಣ ಭಾಗವನ್ನು 40 ಮೀಟರ್ ಅಗಲಿಸಲು ಕೈಹಾಕಿದರು. ಒಳ್ಳೆಯದೇ. ಅಗಲಿಸಬೇಕಿತ್ತು ಎಂಬುದು ಮೊದಲೇ ಗೊತ್ತಿತ್ತು: 2004ರಲ್ಲೂ ಟ್ರಾಪಿಕ್ ಬ್ರಿಲಿಯನ್ಸ್ ಎಂಬ ಎಣ್ಣೆ ಹಡಗು ಮೂರು ದಿನ ಅಡ್ಡ ನಿಂತಿತ್ತು.

ಅಮೆರಿಕದ ಬಾಲ್ಟಿಮೋರ್‌ನ ಕಥೆ ಇದರ ತಮ್ಮನಂಥದ್ದು. 2024ರ ಮಾರ್ಚ್ 26ರ ನಡುರಾತ್ರಿ ದಾಲಿ ಎಂಬ ಹಡಗಿನ ಕರೆಂಟ್ ಹೋಯಿತು, ಚುಕ್ಕಾಣಿ ಸತ್ತಿತು, ಹಡಗು ಸೇತುವೆಯ ಕಂಬಕ್ಕೆ ಬಡಿಯಿತು. ಸೇತುವೆ 1977ರದು, ಅಂದಿನ ಹಡಗುಗಳ ಗಾತ್ರಕ್ಕೆ ಕಟ್ಟಿದ್ದು. ಪೈಲಟ್ ರೇಡಿಯೋದಲ್ಲಿ ಕೂಗಿ ಹೇಳಿದ್ದರಿಂದ ಪೊಲೀಸರು ಗಾಡಿಗಳನ್ನು ತಡೆದರು, ಎಷ್ಟೋ ಜೀವ ಉಳಿಯಿತು. ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಕೂಲಿಕಾರರು ಉಳಿಯಲಿಲ್ಲ. ಹಡಗಿನ ಸಿಬ್ಬಂದಿ ಇಲ್ಲೂ ಬಹುತೇಕ ಭಾರತೀಯರು. ಮುರಿದ ಸೇತುವೆಯ ಉಕ್ಕನ್ನು ಸ್ಫೋಟಕ ಇಟ್ಟು ಒಡೆದಾಗಲೂ ಅವರು ಹಡಗಿನ ಮೇಲೆಯೇ ಇದ್ದರು.

ದಂಡೆಯ ಎಳೆತವನ್ನು, ಮೂಗಿನ ಅಲೆಯನ್ನು ಬಳಸಿಕೊಂಡು ಹಡಗು ನಡೆಸುವ ಜನರೂ ಇದ್ದಾರೆ. ಟೆಕ್ಸಾಸ್‌ನ ಹ್ಯೂಸ್ಟನ್ ಕಾಲುವೆಯಲ್ಲಿ ಎರಡು ಹಡಗು ಎದುರುಬದುರು ಬಂದಾಗ ಎರಡೂ ನಟ್ಟನಡುವೆ, ಮುಖಕ್ಕೆ ಮುಖ ಕೊಟ್ಟು ಬರುತ್ತವೆ. ಮೊದಲೇ ಬದಿಗೆ ಸರಿದರೆ ದಂಡೆ ಹಿಡಿಯುತ್ತದೆ ಅಂತ. ಇನ್ನೇನು ಡಿಕ್ಕಿ ಅನ್ನುವಷ್ಟು ಹತ್ತಿರ ಬಂದಾಗ ಎರಡೂ ಬಲಕ್ಕೆ ಹೊರಳುತ್ತವೆ. ಒಂದರ ಮೂಗಿನ ಅಲೆ ಇನ್ನೊಂದರ ಮೂಗನ್ನು ನೂಕುತ್ತದೆ, ಪಕ್ಕಕ್ಕೆ ಪಕ್ಕ ಹಾಯುವಾಗ ನಡುವಿನ ನೀರೇ ಇಬ್ಬರನ್ನೂ ನೆಟ್ಟಗೆ ಹಿಡಿಯುತ್ತದೆ. ನಾನು ಮೊದಲ ಸಲ ನೋಡಿದಾಗ ಉಸಿರು ಕಟ್ಟಿತ್ತು. ಅಲ್ಲಿನ ಪೈಲಟ್‌ಗಳಿಗೆ ಅದು ದಿನದ ಕೆಲಸ.

ಪನಾಮಾದ ಬಗ್ಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಆಲಮಟ್ಟಿಯ ಜನರಿಗೆ ಅದು ಬೇಗ ಅರ್ಥವಾಗುತ್ತದೆ. ಅಲ್ಲಿ ಹಡಗನ್ನು ಗೇಟುಗಳ ನಡುವೆ ನೀರು ತುಂಬಿ 26 ಮೀಟರ್ ಎತ್ತಿ ಗಾಟೂನ್ ಸರೋವರಕ್ಕೆ ಬಿಡುತ್ತಾರೆ, ಆಚೆ ಇಳಿಸುತ್ತಾರೆ. ಒಂದು ಹಡಗು ದಾಟಿತೆಂದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಯಿತು. ಒಂದು ಟಿಎಂಸಿಯಲ್ಲಿ 140 ಹಡಗು. 2023ರಲ್ಲಿ ಮಳೆ ಕೈಕೊಟ್ಟಿತು, ಸರೋವರ ಇಳಿಯಿತು, ದಿನಕ್ಕೆ 36ರಷ್ಟು ದಾಟುತ್ತಿದ್ದ ಹಡಗುಗಳನ್ನು 24ಕ್ಕೂ ಕೆಳಗೆ ಇಳಿಸಬೇಕಾಯಿತು. ಆ ಸರೋವರದ ನೀರನ್ನೇ ಪನಾಮಾ ನಗರದವರು ಕುಡಿಯುತ್ತಾರೆ. ಕುಡಿಯಲೋ, ಹಡಗಿಗೋ ಎಂಬ ಜಗಳ ಹೇಗಿರುತ್ತದೆ ಅಂತ ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಪೆಟ್ಟಿಗೆ ಇಳಿಸಿದ್ರ ಹಡಗ ಹಗುರ ಆಗಿ ತಾನಾಗೇ ಏಳತಿತ್ತಲ್ರಿ?" ಒಳ್ಳೆಯ ಪ್ರಶ್ನೆ. ಈಜಿಪ್ಟಿನ ಅಧ್ಯಕ್ಷರು ಮಾರ್ಚ್ 28ರಂದು ಅದಕ್ಕೆ ಸಿದ್ಧರಾಗಿ ಎಂದು ಆದೇಶವನ್ನೂ ಕೊಟ್ಟಿದ್ದರು. ಆದರೆ ಅಷ್ಟೆತ್ತರಕ್ಕೆ ಕೈಚಾಚುವ ಕ್ರೇನು ಆ ಮರಳುಗಾಡಿನಲ್ಲಿ ಇರಲಿಲ್ಲ. ತೇಲುವ ಕ್ರೇನು ತರಿಸಿ ಸಾವಿರಾರು ಪೆಟ್ಟಿಗೆ ಒಂದೊಂದಾಗಿ ಇಳಿಸಲು ವಾರಗಳೇ ಬೇಕಿತ್ತು.

ಅವಳೇ ಮತ್ತೆ ಕೇಳಿದಳು: "ಆ ಹಡಗ ಈಗ ಏನಾತು?" ಜುಲೈ 7ರಂದು ಬಿಟ್ಟುಕೊಟ್ಟರು, ರಾಟರ್‌ಡ್ಯಾಮ್‌ಗೆ ಹೋಯಿತು, ಪೆಟ್ಟಿಗೆ ಇಳಿಸಿತು. ಆಗಸ್ಟ್‌ನಲ್ಲಿ ಏಷ್ಯಾಕ್ಕೆ ಮರಳುವಾಗ ಮತ್ತೆ ಅದೇ ಕಾಲುವೆಗೆ ಬಂತು. ಈ ಸಲ ಜೊತೆಗೆ ಟಗ್‌ಗಳನ್ನು ಕೊಟ್ಟಿದ್ದರು. ಸಾಲಿನಲ್ಲಿ ತನ್ನ ಪಾಳಿ ಬಂದಾಗ ಹೊರಟು, ಮೂಗು ಹೂತಿದ್ದ ಜಾಗದ ಪಕ್ಕದಲ್ಲೇ ಹಾದು, ಕೆಂಪು ಸಮುದ್ರಕ್ಕೆ ಇಳಿಯಿತು.